ಹೊಟ್ಟೆಯ ಮೇಲಿನ ಸುಳ್ಳು ಪಟ್ಟಿ

ರಜಾಕಾರರ ಗದ್ದಲ ಮುಗಿದ ಮರುವರ್ಷ ನನ್ನ ಗಂಡನ ಮೂತ್ರದಲ್ಲಿ ರಕ್ತ ಕಾಣಿಸಿತು. ಮಸ್ಕಿಯಲ್ಲಿ ನಮ್ಮದು ಅರಿವೆ ಅಂಗಡಿ. ನೋವಿಲ್ಲ, ಉರಿಯಿಲ್ಲ, ಬರೀ ಕೆಂಪು. ನಮ್ಮತ್ತಿ ಉಷ್ಣ ಅಂತ ಮಜ್ಜಿಗೆ ಕುಡಿಸಿಯೇ ಕುಡಿಸಿದಳು. ಸಿಂಧನೂರಿನ ಡಾಕ್ಟರು ಕೈ ಹಚ್ಚಲಿಲ್ಲ, ಹೈದರಾಬಾದಿಗೆ ಹೋಗ್ರಿ ಅಂದರು. ನಾನೂ ಜೊತೆಗೆ ಹೋದೆ.

ಅಲ್ಲಿ ಹೊಟ್ಟೆ ಕೊಯ್ಯಲೇ ಇಲ್ಲ. ಮೂತ್ರದ ದಾರಿಯಿಂದಲೇ ಸಣ್ಣ ನಳಿಗೆ ಬಿಟ್ಟು, ಅದರ ತುದಿಯ ದೀಪದಲ್ಲಿ ನೋಡಿ, ಮೂತ್ರಚೀಲದೊಳಗಿನ ಗಂಟನ್ನು ಸುಟ್ಟು ತೆಗೆದರು. “ಕೆಟ್ಟ ಗಂಟಲ್ಲ. ಆದ್ರ ಮತ್ತ ಮೊಳೀಬಹುದು, ಬಿಟ್ರ ಕೆಡಬಹುದು. ಆರು ತಿಂಗಳಿಗೆ ಬಂದು ತೋರಸ್ರಿ,” ಅಂದರು ಅಲ್ಲಿಯ ಡಾಕ್ಟರು.

ನಮ್ಮ ಕಡೆ ಆಪರೇಷನ್ ಆದವರನ್ನು ನೋಡಲು ಬಂದವರು ತುಪ್ಪ, ಒಣಕೊಬ್ಬರಿ ಕೊಟ್ಟು, ಹೊಲಿಗೆ ನೋಡದೆ ಏಳುವುದಿಲ್ಲ. ಇವರ ಹೊಟ್ಟೆ ಹೋಳಿಗೆಯಂತೆ ನುಣ್ಣಗೆ! ಗುರುಗುಂಟಾದಿಂದ ಬಂದ ಇವರ ಸೋದರಮಾವ ನಕ್ಕೇ ಬಿಟ್ಟ. “ಏನಲೇ ಅಳಿಯಾ, ಆಪರೇಷನ್ ಅಂತ ಹೇಳಿ ಸಿನಿಮಾ ನೋಡ್ಕೊಂಡು ಬಂದೀಯೇನು?”

ಮರುದಿನವೇ ಇವರು ನನ್ನ ಹಳೇ ಸೀರೆ ಹರಿದು ಹೊಟ್ಟೆಗೆ ಪಟ್ಟಿ ಸುತ್ತಿಕೊಂಡರು. ಯಾರಾದರೂ ತೋರಿಸು ಅಂದರೆ “ಬಿಚ್ಚಬಾರದಂತ ಡಾಕ್ಟರು ಹೇಳ್ಯಾರ,” ಅಂತ ನರಳುತ್ತಿದ್ದರು. ತುಪ್ಪ ಬರುತ್ತಲೇ ಇತ್ತು. ಆಮೇಲಾಮೇಲೆ ನೆಂಟರು ಬಂದಾಗ ಮಾತ್ರ ಪಟ್ಟಿ ಏರುತ್ತಿತ್ತು.

ಆರು ತಿಂಗಳಾಯಿತು. “ನಡೀರಿ, ತೋರಿಸ್ಕೊಂಡು ಬರೂಣು,” ಅಂದೆ.

“ಯಾಕ? ಗಾಯ ಮಾದೈತಿ.”

“ಯಾವ ಗಾಯ?”

ಅಸಲಿಗೆ ಹೆದರಿಕೆ. ಆ ನಳಿಗೆಯ ಸುದ್ದಿ ತೆಗೆದರೆ ಸಾಕು, ಧೋತರದ ಗಂಟು ಬಿಗಿ ಹಿಡಿಯುತ್ತಿದ್ದರು. ಬೇಡಿಕೊಂಡೆ, ಬೈದೆ. ಅಲುಗಲಿಲ್ಲ. ಮತ್ತೆ ರಕ್ತ ಕಾಣುವವರೆಗೆ ಕೂತಿರಲು ನನ್ನಿಂದ ಆಗುತ್ತಿರಲಿಲ್ಲ.

ಆ ವಾರ ಇವರ ಇನ್ನೊಬ್ಬ ಸೋದರಮಾವ ಬಂದ, ಇವರ ಬರೀ ಹೊಟ್ಟೆ ಇನ್ನೂ ನೋಡಿರದವ. ಇವರು ಪಟ್ಟಿ ಸುತ್ತಿಕೊಂಡು ಗೋಡೆಗೆ ಒರಗಿದರು. ನಾನು ಚಹಾ ಇಟ್ಟು, ಪಟ್ಟಿಯ ಗಂಟಿಗೆ ಕೈ ಹಾಕಿದೆ.

“ಮಾವಾ, ಇವತ್ತ ಪಟ್ಟಿ ಬಿಚ್ಚೂದೈತಿ. ಹೊಲಿಗಿ ನೋಡೇ ಹೋಗ್ರಿ.”

ಇವರು ಜಿಗಿದೆದ್ದರು. “ಏ, ಬಿಡು ಬಿಡು! ಇದನ್ನ ಹೈದರಾಬಾದಿನಾಗ ಡಾಕ್ಟರೇ ಬಿಚ್ಚಬೇಕು! ನಾಳೇನ ಹೊಂಟೀವಿ ಮಾವಾ!”

ಹೋದೆವು. ಹೆಸರುಕಾಳಿನಷ್ಟು ಇನ್ನೊಂದು ಮೊಳೆತಿತ್ತು. ಅದನ್ನೂ ಸುಟ್ಟರು. ಮತ್ತೆ ಆರು ತಿಂಗಳಿಗೆ ಬರ್ರಿ ಅಂದರು.

ತಿರುಗಿ ಬರುವಾಗ ಲಿಂಗಸುಗೂರಿನಲ್ಲಿ ಬಸ್ಸು ನಿಂತಿತು. ಇವರು ಮೆಲ್ಲಗೆ ಕೇಳಿದರು, “ಆ ಪಟ್ಟಿ ಬಿಸಾಕಿ ಬಿಟ್ಟೀಯೇನು?”

“ಯಾಕ ಬಿಸಾಕಲಿ? ತೊಳದು ಮಡಚಿ ಇಟ್ಟೀನಿ. ಮುಂದಿನ ಸಲ ನಿಮ್ಮನ್ನ ಎಬ್ಬಸಾಕ ಬೇಕಲ್ಲ.”