ಮಾಗಳಿ ಬಳ್ಳಿಗೆ ನೀರು

ಮೊನ್ನೆ ಚಾಮರಾಜನಗರದ ಹೋಟೆಲೊಂದರಲ್ಲಿ ಊಟದ ಎಲೆಯ ತುದಿಗೆ ಮಾಗಳಿ ಬೇರಿನ ಉಪ್ಪಿನಕಾಯಿ ಬಿತ್ತು. ಅದರ ವಾಸನೆ ನಿಮಗೆ ಗೊತ್ತಿದ್ದರೆ ಬಾಯಲ್ಲಿ ನೀರೂರುತ್ತದೆ. ಗೊತ್ತಿಲ್ಲದಿದ್ದರೆ, ನನ್ನೆದುರು ಕೂತಿದ್ದವರ ಹಾಗೆ, ತಿಗಣೆ ಎಲ್ಲಿದೆ ಎಂದು ಬೆಂಚು ತಡವುತ್ತೀರಿ. ನನಗೆ ಮಾತ್ರ ಪುಟ್ಟಮ್ಮ ನೆನಪಾದಳು.

ಗುಂಡ್ಲುಪೇಟೆ ರಸ್ತೆಯಲ್ಲಿ, ನಮ್ಮ ಒಣಸೀಮೆಯದೇ ಗಿಡಮರಗಳನ್ನು ಉಳಿಸಿಕೊಳ್ಳಲೆಂದು ಮಾಡಿದ ಸಸ್ಯೋದ್ಯಾನವೊಂದಿದೆ. ಗಿಡಗಳ ಹೆಸರನ್ನು ತಗಡಿನ ಮೇಲೆ ಬರೆಯುವುದು ಕೆಲವು ವರ್ಷ ಅಲ್ಲಿ ನನ್ನ ಕೆಲಸವಾಗಿತ್ತು. ಗುಲಾಬಿ, ಕಾರಂಜಿ ಇರಬಹುದೆಂದು ಹೊರಟುಬಿಡಬೇಡಿ. ಬೇಸಿಗೆಯಲ್ಲಿ ನಾನು ಬಣ್ಣ ಬಳಿದ ತಗಡುಗಳಷ್ಟೇ ಅಲ್ಲಿ ಹಸಿರು. "ಪಾರ್ಕ್ ಎಲ್ಲಿ ಸಾರ್?" ಎಂದು ಪಾರ್ಕಿನೊಳಗೇ ನಿಂತು ಕೇಳಿದವರುಂಟು.

ಎಲೆ ಉದುರಿಸಿಕೊಂಡು ಬೇಸಿಗೆ ಕಳೆಯುವುದು ಈ ಗಿಡಗಳ ಸ್ವಭಾವ. ಆಗ ನೀರು ಹಾಕಕೂಡದೆಂದು ಉದ್ಯಾನ ನೋಡಿಕೊಳ್ಳುತ್ತಿದ್ದ ಮೇಡಂ ಹೇಳಿದ್ದರು. ಚಂದಕವಾಡಿಯಿಂದ ಕಳೆ ಕೀಳಲು ಬರುತ್ತಿದ್ದ ಪುಟ್ಟಮ್ಮನಿಗೆ ಅದು ಒಪ್ಪಿಗೆಯಾಗಲೇ ಇಲ್ಲ.

"ಮನೆ ಬಾಗ್ಲಿಗ್ ಬಂದೋರ್ಗೆ ಮೊದ್ಲು ನೀರ್ ಕೊಡಾಕಿಲ್ವಾ? ಕೊಳಾಯಿ ಇಟ್ಕಂಡು ಒಣಗಾಕ್ ಬುಟ್ರೆ ನನ್ ಗಂಟ್ಲಲ್ಲಿ ಅನ್ನ ಇಳಿಯಲ್ಲ ಕಣ್ ಸಾ."

ಅಲ್ಲಿದ್ದದ್ದು ಒಂದೇ ಮಾಗಳಿ ಬಳ್ಳಿ. ಉಪ್ಪಿನಕಾಯಿಗೆಂದು ಬೇರು ಅಗೆದು ಅಗೆದು ಬೆಟ್ಟದಲ್ಲೂ ಅದು ಅಪರೂಪವಾಗಿತ್ತು. ಅದರ ಬೀಜಕ್ಕಾಗಿ ಎಲ್ಲರೂ ಕಾಯುತ್ತಿದ್ದೆವು. ಯಾರೂ ಇಲ್ಲದಾಗ ಪುಟ್ಟಮ್ಮ ಅದಕ್ಕೆ ಕೊಡಗಟ್ಟಲೆ ಹೊಯ್ದಳು. ಮಳೆ ಬಿದ್ದು ಮಿಕ್ಕದ್ದೆಲ್ಲ ಚಿಗುರಿದರೂ ಅದು ಚಿಗುರಲಿಲ್ಲ. ಅಗೆದು ನೋಡಿದರೆ ಕೊಳೆತ ಬೇರು ಕೈಗೆ ಮೆತ್ತಿಕೊಂಡಿತು.

"ನಾನೇ ಕುಡ್ಸಿ ಸಾಯಿಸ್ಬುಟ್ಟೆ," ಎಂದು ಅವಳು ಅಲ್ಲೇ ಕುಸಿದು ಅತ್ತಳು.

ಮೇಡಂ ಬೈಯಲಿಲ್ಲ. ಎಲ್ಲಿಂದಲೋ ಇನ್ನೊಂದು ಸಸಿ ತರಿಸಿ, ಅವಳ ಕೈಯಲ್ಲೇ ನೆಡಿಸಿ, "ಇದು ನಿಮ್ದೇ ಜವಾಬ್ದಾರಿ ಪುಟ್ಟಮ್ಮ," ಎಂದರು. ಅದು ಶಿಕ್ಷೆಯೋ ನಂಬಿಕೆಯೋ ನನಗೆ ಇವತ್ತಿಗೂ ತಿಳಿಯದು.

ಸಸಿ ಬೇರು ಹಿಡಿದು, ಮುಂದಿನ ಬೇಸಿಗೆಯಲ್ಲಿ ಅದೂ ಎಲೆ ಉದುರಿಸಿ ಬೋಳಾಯಿತು. ಒಂದು ಮಧ್ಯಾಹ್ನ ನೋಡುತ್ತೇನೆ, ಪುಟ್ಟಮ್ಮ ಚೊಂಬು ಹಿಡಿದು ಅದರ ಮುಂದೆ ಕೂತಿದ್ದಾಳೆ. ಎದ್ದೆನೋ ಬಿದ್ದೆನೋ ಎಂದು ಓಡಿದೆ.

"ಎದ್ರಬ್ಯಾಡಿ ಸಾ, ಉಯ್ಯಾಕಿಲ್ಲ. ಅದು ನೀರ್ ಕೇಳ್ದಂಗಾಯ್ತದೆ. ಬುಟ್ಟೋಗಾಕೂ ಮನ್ಸ್ ಬರಲ್ಲ. ಅದ್ಕೇ ನಾನೇ ಕುಡೀತಾ ಕುಂತಿವ್ನಿ."

ಆಗ ನಾನು ನಕ್ಕುಬಿಟ್ಟಿದ್ದೆ.

ಮೊನ್ನೆ ಊಟ ಮುಗಿಸಿ ಗುಂಡ್ಲುಪೇಟೆ ಬಸ್ಸು ಹತ್ತಿದವನು ಉದ್ಯಾನದ ಮುಂದೆ ಇಳಿದೆ. ಪುಟ್ಟಮ್ಮ ಈಗ ಕೆಲಸಕ್ಕೆ ಬರುವುದಿಲ್ಲವಂತೆ, ಮಂಡಿನೋವು. ಅವಳ ಬಳ್ಳಿ ಪಕ್ಕದ ಮರದ ನೆತ್ತಿ ಮುಟ್ಟಿದೆ. ಆದರೆ ಈ ಬೇಸಿಗೆಗೆ ಒಂದೆಲೆಯೂ ಇಲ್ಲ. ಎಲ್ಲ ಗೊತ್ತಿದ್ದೂ ಚೀಲದಿಂದ ನೀರಿನ ಬಾಟಲಿ ತೆಗೆದೆ. ಕೈ ತಾನಾಗಿಯೇ ಮುಚ್ಚಳ ತಿರುಗಿಸಿತು. ಸುತ್ತ ಯಾರೂ ಇರಲಿಲ್ಲ.

ಬಳ್ಳಿಯ ಮುಂದೆ ಕೂತು, ನೀರನ್ನೆಲ್ಲ ನಾನೇ ಕುಡಿದೆ.