ಮ್ಟೆಂಗೊ ಶಾಲೆಯ ಗಂಜಿ

ಫೆಬ್ರವರಿಯ ಒಂದು ಬೆಳಗ್ಗೆ ಮುಂಬಯಿ ವಿಮಾನ ನಿಲ್ದಾಣದ ಸೆಕ್ಯೂರಿಟಿಯವರು ಮೌಲಾಸಾಬರನ್ನು ಪಕ್ಕಕ್ಕೆ ಕರೆದು ಪೆಟ್ಟಿಗೆ ಬಿಚ್ಚಿಸಿದರು. ಅದರಲ್ಲಿ ಬಟ್ಟೆಗಿಂತ ಕಬ್ಬಿಣವೇ ಹೆಚ್ಚಿತ್ತು.

"ಯೇ ಕ್ಯಾ ಹೈ, ಚಾಚಾ?"

"ಚೂಲೇ ಕೀ ಜಾಲಿ ಹೈ, ಸಾಬ್."

"ಆಫ್ರಿಕಾ ಮೇ ಚೂಲಾ ನಹೀ ಮಿಲ್ತಾ ಕ್ಯಾ?"

"ಮಿಲ್ತಾ ಹೋಂಗಾ. ಪನ್ ಮೇರೇ ಜೈಸಾ ನಹೀ."

ಒಲೆಯ ಜಾಲರಿ, ತಾನು ಮಾಡಿದಂಥದ್ದು ಆಫ್ರಿಕಾದಲ್ಲಿ ಸಿಗದು ಎಂಬ ಉತ್ತರಕ್ಕೆ ಸೆಕ್ಯೂರಿಟಿಯ ಹುಡುಗ ನಕ್ಕು ಪೆಟ್ಟಿಗೆ ಮುಚ್ಚಿದ. ಮೌಲಾಸಾಬರು ಇಂಡಿ ಕಡೆಯವರು. ಕುರ್ಲಾದ ಒಂದು ಗಾಳೆಯಲ್ಲಿ, ಅಂದರೆ ಸಣ್ಣ ಶೆಡ್ಡಿನಲ್ಲಿ, ಕೂತು ಹೋಟೆಲುಗಳಿಗೆ ದೊಡ್ಡ ಒಲೆಗಳನ್ನು ಮಾಡಿಕೊಡುವುದು ಅವರ ಕಸುಬು. ನಾನು ಸುಗಂಧಿ. ಊರು ಉಡುಪಿಯ ಹತ್ತಿರ, ಹುಟ್ಟಿದ್ದು ಪರೇಲಿನ ಚಾಳ್‌ನಲ್ಲಿ. ಈಗ ಘಾಟ್ಕೋಪರಿನಲ್ಲಿ ಅಡುಗೆಮನೆ ನಡೆಸುತ್ತೇನೆ. ನಾಲ್ಕಾರು ಆಫೀಸುಗಳಿಗೂ ಎರಡು ಶಾಲೆಗಳಿಗೂ ನಮ್ಮ ಡಬ್ಬ ಹೋಗುತ್ತದೆ. ನನ್ನ ಒಲೆಗಳನ್ನೂ ಮೌಲಾಸಾಬರೇ ಮಾಡಿದ್ದು.

ನಮ್ಮನ್ನು ಮಲಾವಿಗೆ ಹೊರಡಿಸಿದವರು ನಮಗೆ ಬೇಳೆಕಾಳು ಕೊಡುವ ವ್ಯಾಪಾರಿ ಜಯಂತಿಭಾಯಿ. ಅವರ ಅಣ್ಣನ ಮಗ ಹಿತೇಶ್ ಅಲ್ಲಿನ ಬ್ಲಾಂಟಾಯರ್ ಪಟ್ಟಣದಲ್ಲಿ ಅಂಗಡಿ ಇಟ್ಟಿದ್ದಾನೆ. ದಕ್ಷಿಣದ ಕಣಿವೆಯಲ್ಲಿ ನೆರೆ ಬಂದು ಮೆಕ್ಕೆಜೋಳ ಹಾಳಾಗಿ, ಊರಿಗೆ ಊರೇ ಹಸಿದಿದೆ ಎಂದು ಅವನು ಫೋನು ಮಾಡಿದ್ದ. ಜಯಂತಿಭಾಯಿಯವರ ಟ್ರಸ್ಟು ಒಂದು ಹಳ್ಳಿ ಶಾಲೆಗೆ ಮೆಕ್ಕೆಜೋಳ-ಸೋಯಾ ಹಿಟ್ಟು ಕೊಟ್ಟಿತು. ಬೇಯಿಸುವುದಕ್ಕೆ ಸರಿಯಾದ ಒಲೆ ಇರಲಿಲ್ಲ; ನೂರಾರು ಮಕ್ಕಳಿಗೆ ಒಮ್ಮೆಲೇ ಬೇಯಿಸಿ ಗೊತ್ತಿದ್ದವರೂ ಇರಲಿಲ್ಲ. "ಸುಗಂಧಿಬೆನ್, ಎರಡು ವಾರ ಹೋಗಿ ಬನ್ನಿ" ಎಂದರು. ನಾನು ಅಡುಗೆಮನೆಯ ಬೀಗದಕೈಯನ್ನು ಸೊಸೆಗೆ ಕೊಟ್ಟು ಹೊರಟೆ.

ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ, ಬ್ಲಾಂಟಾಯರ್‌ನಲ್ಲಿ ಇಳಿದಾಗ ತಣ್ಣನೆಯ ಗಾಳಿ ಬೀಸುತ್ತಿತ್ತು. ಸುತ್ತ ಹಸಿರು ಗುಡ್ಡಗಳು. ಇಲ್ಲಿ ಹಸಿವೆಲ್ಲಿದೆ ಎಂದು ನನಗೇ ಅನಿಸಿತು. ಹಿತೇಶ್ ನನ್ನ ಮನಸ್ಸು ಓದಿದವನಂತೆ ಹೇಳಿದ: "ಆಂಟಿ, ನಾಳೆ ಕೆಳಗೆ ಇಳಿದ ಮೇಲೆ ನೋಡಿ."

ಮರುದಿನ ಅವನ ಪಿಕಪ್‌ನಲ್ಲಿ ಹೊರಟೆವು. ಘಟ್ಟದ ತಿರುವುಗಳನ್ನು ಇಳಿಯುತ್ತಿದ್ದಂತೆ ಸೆಕೆ ಏರುತ್ತಾ ಹೋಯಿತು; ಕೆಳಗೆ ಮುಟ್ಟುವ ಹೊತ್ತಿಗೆ ಮೇ ತಿಂಗಳ ಕುರ್ಲಾ ಸ್ಟೇಷನ್ನಿನಲ್ಲಿ ನಿಂತಂತಾಗಿತ್ತು. ದಾರಿಯ ಎಡಕ್ಕೆ ಕಬ್ಬಿನ ಎಸ್ಟೇಟು, ಆಮೇಲೆ ದಪ್ಪ ಕಾಂಡದ ಬಾವೊಬಾಬ್ ಮರಗಳು, ಆಮೇಲೆ ಬರೀ ಕೆಸರು. ಹೊಲಗಳ ಮೇಲೆ ಬೂದುಬಣ್ಣದ ಹೂಳು ಕೂತು ಒಣಗಿ ಬಿರುಕು ಬಿಟ್ಟಿತ್ತು. ಅಲ್ಲಲ್ಲಿ ಮೆಕ್ಕೆಜೋಳದ ದಂಟಿನ ತುದಿಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಒಂದು ಸೇತುವೆ ಕೊಚ್ಚಿಹೋಗಿದ್ದರಿಂದ ನದಿಯ ಪಾತ್ರದಲ್ಲೇ ಗಾಡಿ ಇಳಿಸಿ ದಾಟಿದೆವು. ಮೌಲಾಸಾಬರು ಕಣ್ಣುಮುಚ್ಚಿ ಏನೋ ಪಠಿಸುತ್ತಿದ್ದರು.

ಮ್ಟೆಂಗೊ ಎಂದರೆ ಅಲ್ಲಿನ ಭಾಷೆಯಲ್ಲಿ ಮರ. ಊರಿಗೆ ಆ ಹೆಸರು ಕೊಟ್ಟ ದೊಡ್ಡ ಹುಣಸೆಮರ ಶಾಲೆಯ ಅಂಗಳದಲ್ಲೇ ಇತ್ತು. ಶಾಲೆಯ ಗೋಡೆಗಳ ಮೇಲೆ ನನ್ನ ಎದೆಯೆತ್ತರಕ್ಕೆ ನೀರು ನಿಂತ ಕಲೆ. ಮುಖ್ಯೋಪಾಧ್ಯಾಯ ಬಾಂಡಾ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇಂಗ್ಲಿಷಿನಲ್ಲಿ ಸ್ವಾಗತಿಸಿದರು. ತರಗತಿಗಳಲ್ಲಿ ಅರ್ಧಕ್ಕರ್ಧ ಜಾಗ ಖಾಲಿಯಿತ್ತು.

"ಉಳಿದ ಮಕ್ಕಳು?" ಎಂದು ಕೇಳಿದೆ.

"ಜೌಗಿನಲ್ಲಿದ್ದಾರೆ. ನ್ಯಿಕಾ ಅಗೆಯುತ್ತಿದ್ದಾರೆ" ಎಂದರು.

ನ್ಯಿಕಾ ಎಂದರೆ ನೈದಿಲೆಯ ಗೆಡ್ಡೆ. ನದಿ ಬದಿಯ ಜೌಗಿನಲ್ಲಿ ಸೊಂಟದವರೆಗೆ ನೀರಿಗಿಳಿದು ಕಾಲಿನಿಂದ ತಡಕಿ ಕೀಳಬೇಕು. ಬಹಳ ಹೊತ್ತು ಬೇಯಿಸಿದರೂ ಕಹಿ ಪೂರ್ತಿ ಹೋಗುವುದಿಲ್ಲ, ತಿಂದು ನೋಡಿದ್ದೇನೆ. ಆ ನೀರಿನಲ್ಲಿ ಮೊಸಳೆಗಳಿವೆ. ಅದನ್ನು ಬಾಂಡಾ ಬಸ್ಸಿನ ವೇಳೆ ಹೇಳುವವರಂತೆ ಹೇಳಿದರು.

ಒಲೆಯ ಕೆಲಸ ಮಾರನೆಯ ದಿನವೇ ಶುರುವಾಯಿತು. ನೆರೆಗೆ ಬಿದ್ದ ಮನೆಗಳ ಇಟ್ಟಿಗೆಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು ತಂದರು, ಹುತ್ತದ ಮಣ್ಣು ಕಲಸಿದರು. ಅವರ ಮುಂದಾಳು ಎಸ್ನಾತ್, ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಕೆಲಸ ಹುಡುಕಿಕೊಂಡು ಕಬ್ಬಿನ ಎಸ್ಟೇಟಿಗೆ ಹೋಗಿದ್ದ. ಅವಳು ನನ್ನನ್ನು "ಅಮಾಯಿ" ಎಂದು ಕರೆಯುತ್ತಿದ್ದಳು. ಹಾಗೆಂದರೆ ತಾಯಿ.

ಮೌಲಾಸಾಬರಿಗೆ ಅದು ಬಹಳ ಹಿಡಿಸಿತು. "ಕೇಳಿದ್ರೇನ್ರೀ ಅಕ್ಕಾರ, ನಮ್ಮ ಕಡೆ ಮಾಯಿ ಅಂದಂಗ ಅಂತಾರ! ಇವ್ರೂ ನಮ್ಮವರಽ ಬಿಡ್ರಿ" ಎಂದರು. ಆಮೇಲೆ ಎಲ್ಲ ಸೂಚನೆಗಳನ್ನೂ ಕನ್ನಡದಲ್ಲೇ ಕೊಡತೊಡಗಿದರು. "ಏ ತಂಗಿ, ಮಣ್ಣ ಇನ್ನಷ್ಟ ತುಳಿ" ಎಂದರೆ ಎಸ್ನಾತ್ ತುಳಿಯುತ್ತಿದ್ದಳು.

ಒಲೆ ಒಣಗಿದ ಮೇಲೆ ಮೊದಲ ಬಾರಿ ಫಾಲಾ ಬೇಯಿಸಿದೆವು. ಫಾಲಾ ಎಂದರೆ ಗಂಜಿ. ನಮ್ಮ ರಾಗಿ ಅಂಬಲಿಯನ್ನು ಸ್ವಲ್ಪ ಗಟ್ಟಿಯಾಗಿಸಿದಂತೆ. ದೊಡ್ಡ ಪಾತ್ರೆಯಲ್ಲಿ ಗಂಟಾಗದಂತೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡುವುದನ್ನು ನಾನು ತೋರಿಸಿದೆ. ಹುರಿದ ಶೇಂಗಾಪುಡಿ ಯಾವಾಗ ಹಾಕಬೇಕೆಂದು ಅವರು ನನಗೆ ತೋರಿಸಿದರು. ಸುದ್ದಿ ಹಬ್ಬಿ ಮಕ್ಕಳು ಪ್ಲಾಸ್ಟಿಕ್ ಲೋಟ, ಹಳೆಯ ಡಬ್ಬ ಹಿಡಿದು ಬಂದರು. ತಿನ್ನುವಾಗ ಯಾರೂ ಮಾತಾಡುತ್ತಿರಲಿಲ್ಲ. ಅಷ್ಟೊಂದು ಮಕ್ಕಳು ಅಷ್ಟು ಸದ್ದಿಲ್ಲದೆ ಕೂತಿದ್ದನ್ನು ನಾನು ಮುಂಬಯಿಯ ಯಾವ ಶಾಲೆಯಲ್ಲೂ ನೋಡಿಲ್ಲ.

ಆದರೆ ಹುಣಸೆಮರದ ಆಚೆ ಇನ್ನೊಂದು ಗುಂಪು ನಿಂತಿತ್ತು. ಶಾಲೆಗೆ ಸೇರುವ ವಯಸ್ಸಾಗದ ಪುಟ್ಟ ಮಕ್ಕಳು, ಅವರನ್ನು ಎತ್ತಿಕೊಂಡ ಅಜ್ಜಿಯರು. ಅವರಿಗೆ ಕೊಡುವಂತಿರಲಿಲ್ಲ. ಹಿಟ್ಟು ಶಾಲಾ ಮಕ್ಕಳಿಗೆ ಮಾತ್ರ, ನೆರೆಯಿಂದ ಉಳಿದ ಹೊಲಗಳ ಏಪ್ರಿಲ್ ಕೊಯ್ಲಿನವರೆಗೆ ಬರಬೇಕು ಎಂದು ಟ್ರಸ್ಟಿನ ನಿಯಮ. ಆ ಗುಂಪಿನಲ್ಲಿ ಎಸ್ನಾತಳ ಅತ್ತೆಯೂ ಇಬ್ಬರು ಸಣ್ಣ ಗಂಡುಮಕ್ಕಳೂ ಇದ್ದರು. ಅವಳ ದೊಡ್ಡ ಮಗಳು ತಿಯಾಮಿಕೆ ಶಾಲೆಯವಳೇ, ಆದರೆ ಸಾಲಿನಲ್ಲಿ ಇರಲಿಲ್ಲ.

"ಮಗಳನ್ನು ಯಾಕೆ ಕಳಿಸಲಿಲ್ಲ?" ಎಂದು ಹಿತೇಶನ ಮೂಲಕ ಕೇಳಿದೆ.

ಎಸ್ನಾತ್ ಸೌಟು ನಿಲ್ಲಿಸಲಿಲ್ಲ. ಹಿತೇಶ್ ಅವಳ ಮಾತನ್ನು ಹಿಂದಿಯಲ್ಲಿ ಹೇಳಿದ: "ಶಾಲೆಗೆ ಬಂದರೆ ಅವಳ ಹೊಟ್ಟೆ ತುಂಬುತ್ತದೆ. ಜೌಗಿಗೆ ಹೋದರೆ ಮನೆಯವರೆಲ್ಲ ಒಂದಿಷ್ಟು ತಿನ್ನುತ್ತಾರೆ. ನಾನು ಇಲ್ಲಿ ಅಡುಗೆಗೆ ನಿಂತಿದ್ದೇನೆ, ಅವಳು ಅಲ್ಲಿಗೆ ಹೋಗಿದ್ದಾಳೆ."

ನಾನು ಬಾಂಡಾ ಅವರ ಕಡೆ ನೋಡಿದೆ. "ಮೇಡಂ, ಮರದ ಆಚೆಯವರಿಗೂ ಕೊಟ್ಟರೆ ಹಿಟ್ಟು ಏಪ್ರಿಲ್ ಮುಟ್ಟುವುದಿಲ್ಲ. ಆಮೇಲೆ ಇಡೀ ಶಾಲೆಯೇ ಜೌಗಿಗೆ ಹೋಗುತ್ತದೆ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವರು ತಮ್ಮ ಸ್ವಂತ ಮಗಳಿಗೂ ಒಂದು ಸೌಟು ಹೆಚ್ಚು ಹಾಕಿಸಿದವರಲ್ಲ.

ಎರಡನೆಯ ಒಲೆಗೆ ಮಣ್ಣು ಮೆತ್ತುತ್ತಿದ್ದ ಒಂದು ಮಧ್ಯಾಹ್ನ ನದಿ ಕಡೆಯಿಂದ ಕೂಗು ಕೇಳಿತು. ಎಸ್ನಾತ್ ಕೈಯ ಮಣ್ಣನ್ನು ಒರೆಸಿಕೊಳ್ಳದೆ ಓಡಿದಳು. ನಾವು ಹಿಂದೆ ಓಡುವಷ್ಟರಲ್ಲಿ ನಾಲ್ಕು ಹೆಂಗಸರು ಒಂದು ಬಟ್ಟೆಯ ನಾಲ್ಕು ತುದಿ ಹಿಡಿದು ಬರುತ್ತಿದ್ದರು. ಬಟ್ಟೆಯಲ್ಲಿ ತಿಯಾಮಿಕೆ. ಮೊಸಳೆ ಎಡಗಾಲಿನ ಮೀನಖಂಡ ಹಿಡಿದಿತ್ತು. ಜೊತೆಗಿದ್ದ ಹೆಂಗಸರು ಓಡಿಹೋಗದೆ ಗುದ್ದಲಿಯಿಂದ ಅದರ ಮೂತಿಗೆ ಹೊಡೆದೂ ಹೊಡೆದೂ ಬಿಡಿಸಿದ್ದರು. ಹುಡುಗಿ ಅಳುತ್ತಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು.

ಮೌಲಾಸಾಬರು ತಲೆಯ ರುಮಾಲು ಬಿಚ್ಚಿ ಮೊಣಕಾಲಿನ ಮೇಲೆ ಬಿಗಿದು ಕಟ್ಟಿದರು. ಹಿತೇಶ್ ಪಿಕಪ್ ತಂದ. ಹಿಂಬದಿಯಲ್ಲಿ ನಾನು ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಎಸ್ನಾತ್ ಕಾಲು ಎತ್ತಿ ಹಿಡಿದಿದ್ದಳು. ಆಸ್ಪತ್ರೆ ಒಂದು ಗಂಟೆಯ ದಾರಿ. ಗುಂಡಿಗಳಲ್ಲಿ ಗಾಡಿ ಎಗರಿದಾಗಲೆಲ್ಲ ಎಸ್ನಾತ್ ಮಗಳ ಹೆಸರು ಹೇಳುತ್ತಿದ್ದಳು, ಜೋರಾಗಿ ಅಲ್ಲ, ಪಕ್ಕದಲ್ಲಿ ಕೂತವರನ್ನು ಕರೆಯುವಷ್ಟು. ನನ್ನ ಬಾಯಿಗೆ ಬಂದದ್ದು ತುಳುವಿನ ಎರಡೇ ಮಾತು: "ಪೋಡ್ಯೊಡ್ಚಿ ಮಗಾ, ಪೋಡ್ಯೊಡ್ಚಿ." ಹೆದರಬೇಡ ಎಂದು. ಅದನ್ನೇ ದಾರಿಯುದ್ದಕ್ಕೂ ಹೇಳಿದೆ.

ಕಾಲು ಉಳಿಯುತ್ತದೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದಾಗ ಎಸ್ನಾತ್ ವರಾಂಡದ ನೆಲದ ಮೇಲೆ ಕೂತುಬಿಟ್ಟಳು.

ಮರುದಿನ ಬೆಳಗ್ಗೆ ನಾವು ನೋಡಲು ಹೋದಾಗ ತಿಯಾಮಿಕೆ ಎಚ್ಚರವಾಗಿದ್ದಳು. ಆಸ್ಪತ್ರೆಯವರು ಗಂಜಿ ಕೊಟ್ಟಿದ್ದರು. ಅವಳು ಎರಡು ಚಮಚ ತಿಂದು, ಬಟ್ಟಲಿಗೆ ಬಟ್ಟೆ ಮುಚ್ಚಿ ಮಂಚದ ಕೆಳಗೆ ಇಡಿಸಿದ್ದಳು. "ತಮ್ಮಂದಿರಿಗಂತೆ" ಎಂದಳು ನರ್ಸು. "ತಿನ್ನದಿದ್ದರೆ ಗಾಯ ಮಾಯುವುದಿಲ್ಲ ಎಂದರೆ ಕೇಳುತ್ತಿಲ್ಲ."

ಆಸ್ಪತ್ರೆಯ ಅಂಗಳದಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುತ್ತಿತ್ತು. ಅಲ್ಲೇ ನಿಂತು ಘಾಟ್ಕೋಪರಿಗೆ, ಜಯಂತಿಭಾಯಿಯವರಿಗೆ ಫೋನು ಹಚ್ಚಿದೆ. ಆಚೆ ಕಡೆ ರಿಕ್ಷಾಗಳ ಹಾರ್ನ್, ಅಂಗಡಿಯ ಗದ್ದಲ. ನಡೆದದ್ದನ್ನು ಹೇಳಿದೆ. ಶಾಲೆಗೆ ಬರುವ ಪ್ರತಿ ಮಗುವಿನ ಕೈಯಲ್ಲೂ ಮನೆಯ ಚಿಕ್ಕವರಿಗೆ, ಮುದುಕರಿಗೆ ಒಂದು ಡಬ್ಬ ಗಂಜಿ ಕಳಿಸಬೇಕು ಎಂದೆ. ಹಾಗೆ ಮಾಡಿದರೆ ಮಗು ಶಾಲೆಗೆ ಬರುವುದೇ ಮನೆಗೆ ಲಾಭ, ಜೌಗಿಗೆ ಹೋಗಬೇಕಿಲ್ಲ.

ಜಯಂತಿಭಾಯಿ ನಿಟ್ಟುಸಿರಿಟ್ಟರು. "ಬೆನ್, ಟ್ರಸ್ಟ್ ಮೇ ಮೈ ಅಕೇಲಾ ಥೋಡೀ ಹೂಂ? ಸ್ಕೂಲ್ ಕೇ ಲಿಯೇ ದಿಯಾ ಹೈ. ನಾನೊಬ್ಬನೇ ಅಲ್ಲವಲ್ಲ, ಶಾಲೆಗೆಂದು ಕೊಟ್ಟ ಹಿಟ್ಟು ಅರ್ಧಕ್ಕೇ ಮುಗಿದರೆ ಜನ ನನ್ನನ್ನು ಕೇಳುತ್ತಾರೆ."

ನನಗೆ ಪರೇಲ್ ನೆನಪಾಯಿತು. ಅಪ್ಪ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ. ಗಿರಣಿ ಮುಚ್ಚಿದಾಗ ಯಾರೋ ಪುಣ್ಯಾತ್ಮರು ಚಾಳ್‌ನ ಮಕ್ಕಳಿಗೆಂದು ಅಕ್ಕಿ ಕೊಟ್ಟರು; ಅಪ್ಪ ಅಂಗಳದಲ್ಲಿ ಗಂಜಿ ಬೇಯಿಸಿದ. ಎರಡನೆಯ ದಿನವೇ ಮಕ್ಕಳ ಹಿಂದೆ ತಾಯಂದಿರು ಪಾತ್ರೆ ಹಿಡಿದು ನಿಂತರು. ಅಪ್ಪ ಯಾರನ್ನೂ ಹಿಂದಕ್ಕೆ ಕಳಿಸಲಿಲ್ಲ. ಅಕ್ಕಿ ಬೇಗ ಮುಗಿಯಿತು, ಆಮೇಲಿನ ದಿನಗಳು ಕಷ್ಟದವೇ. ಆದರೆ ಆ ಗಂಜಿಯನ್ನು ನಾವು ಯಾರ ಮುಖವನ್ನೂ ತಪ್ಪಿಸದೆ ಕುಡಿದಿದ್ದೆವು. ಇದನ್ನೆಲ್ಲ ಜಯಂತಿಭಾಯಿಗೆ ಹೇಳಿದೆ.

ಅವರು, "ಬಚ್ಚಿ ಖಾ ರಹೀ ಹೈ?" ಎಂದರು, ಹುಡುಗಿ ತಿನ್ನುತ್ತಿದ್ದಾಳೆಯೇ ಎಂದು.

"ಇಲ್ಲ" ಎಂದೆ.

"ಡಬ್ಬ ಶುರು ಮಾಡಿ. ಇನ್ನೊಂದು ಲಾರಿ ಹಿಟ್ಟಿಗೆ ನಾನು ಟ್ರಸ್ಟಿನವರ ಮನೆಮನೆಗೆ ಹೋಗುತ್ತೇನೆ. ಅದರಾಚೆ ನನ್ನ ಕೈಯಲ್ಲಿಲ್ಲ, ಬೆನ್."

ಆ ಒಂದು ಲಾರಿಯೂ ಕೊಯ್ಲಿನವರೆಗೆ ಸಾಲುತ್ತಿರಲಿಲ್ಲ. ಅದೇ ಸಂಜೆ ಹುಣಸೆಮರದ ಕೆಳಗೆ ಊರು ಸೇರಿತು. ಡಬ್ಬ ಕಳಿಸಿದರೆ ಹಿಟ್ಟು ಎಷ್ಟು ದಿನ ಬರುತ್ತದೆ ಎಂದು ಬಾಂಡಾ ಲೆಕ್ಕ ಹೇಳಿದರು. ಆಗ ಊರಿನ ಯಜಮಾನಿ, ಬಿಳಿಗೂದಲಿನ ಸಣ್ಣ ಹೆಂಗಸು, ಎದ್ದು ನಿಂತಳು. ನೆರೆ ಇಳಿದ ಹೂಳಿನಲ್ಲಿ ಗೆಣಸು, ಅಲಸಂದೆ ಬೇಗ ಬರುತ್ತವೆ, ಆದರೆ ಬಳ್ಳಿ, ಬೀಜ ಎಲ್ಲ ನೀರು ಪಾಲಾಗಿವೆ ಎಂದಳು. ಹಿತೇಶ್ ಕೈಯೆತ್ತಿದ. "ಮೇಲಿನ ಗುಡ್ಡದ ಹಳ್ಳಿಗಳಲ್ಲಿ ಬಳ್ಳಿ ಇದೆ. ಪಿಕಪ್ ನನ್ನದು, ನಾನು ತರುತ್ತೇನೆ." ಬಾಂಡಾ ಲೆಕ್ಕದ ಹಾಳೆ ಮಡಚಿ, "ಹಾಗಾದರೆ ಸರಿ. ಶಾಲೆಯ ಮುಂದಿನ ಹೊಲದಲ್ಲೂ ನೆಡೋಣ" ಎಂದರು.

ಉಳಿದ ದಿನಗಳಲ್ಲಿ ಎರಡೂ ಒಲೆ ಉರಿದವು. ಮಕ್ಕಳು ಮುಚ್ಚಳವಿದ್ದ ಏನೇನನ್ನೋ ತಂದರು: ಬಣ್ಣದ ಡಬ್ಬ, ಸೋರೆಬುರುಡೆ, ಒಬ್ಬಳಂತೂ ಟೀ ಕೆಟಲು. ಗಂಜಿ ಚೆಲ್ಲದಂತೆ ಅವರು ಮನೆಗೆ ನಡೆಯುತ್ತಿದ್ದ ರೀತಿಯನ್ನು ನೋಡುತ್ತಾ ಮೌಲಾಸಾಬರು, "ನೋಡ್ರಿ ಅಕ್ಕಾರ, ಹಾಲಿನ ಕೊಡಾ ಹೊತ್ತಂಗ ಹೊಂಟಾವು" ಎಂದು ಮುಖ ಆಚೆ ತಿರುಗಿಸಿದರು. ತರಗತಿಗಳಲ್ಲಿ ಖಾಲಿ ಜಾಗ ಕಡಿಮೆಯಾಯಿತು. ಜೌಗು ಪೂರ್ತಿ ಬರಿದಾಯಿತು ಎನ್ನಲಾರೆ. ದೊಡ್ಡವರು ಈಗಲೂ ಹೋಗುತ್ತಿದ್ದರು. ನಾವು ಹೊರಡುವ ಹೊತ್ತಿಗೆ ಹೂಳಿನ ಮೇಲೆ ನೆಟ್ಟ ಬಳ್ಳಿಗಳು ಬಾಡಿದಂತೆ ಮಲಗಿದ್ದವು. ಬೇರು ಹಿಡಿಯುತ್ತವೆ ಎಂದು ಯಜಮಾನಿ ಧೈರ್ಯ ಹೇಳಿದಳು.

ವಿಮಾನ ಹಿಡಿಯುವ ದಿನ ದಾರಿಯಲ್ಲಿ ಆಸ್ಪತ್ರೆಗೆ ಹೋದೆವು. ಎಸ್ನಾತ್ ಮಗಳ ಬಟ್ಟೆ ಒಗೆಯಲು ಹೋಗಿದ್ದಳು. ತಿಯಾಮಿಕೆ ದಿಂಬಿಗೆ ಒರಗಿ ಕೂತಿದ್ದಳು, ಮಡಿಲಲ್ಲಿ ಬಟ್ಟಲು. ನಮ್ಮನ್ನು ನೋಡಿ ನರ್ಸಿನ ಹತ್ತಿರ ಏನೋ ಹೇಳಿದಳು.

"ಶಾಲೆಯಲ್ಲಿ ಅವಳ ಪಾಲಿನ ಗಂಜಿಯನ್ನು ಏನು ಮಾಡುತ್ತೀರಿ ಎಂದು ಕೇಳುತ್ತಿದ್ದಾಳೆ" ಎಂದಳು ನರ್ಸು.

ಅವಳ ಪಾಲು ದಿನವೂ ಮನೆಗೆ ಹೋಗುತ್ತಿದೆ, ಇಬ್ಬರು ತಮ್ಮಂದಿರೂ ಅಜ್ಜಿಯೂ ತಿನ್ನುತ್ತಿದ್ದಾರೆ, ಬೆಳಗ್ಗೆ ಬರುವಾಗ ನಾನೇ ನೋಡಿದೆ, ಚಿಕ್ಕವನು ಮೂಗಿನ ಮೇಲೆಲ್ಲ ಮೆತ್ತಿಕೊಂಡಿದ್ದ ಎಂದೆ. ನರ್ಸು ಅಷ್ಟನ್ನೂ ಹೇಳಿದಳು. ಮೌಲಾಸಾಬರು ತಮ್ಮ ಮೂಗನ್ನೇ ಸವರಿ ತೋರಿಸಿದರು.

ತಿಯಾಮಿಕೆ ಅವರನ್ನೂ ನನ್ನನ್ನೂ ಸರದಿಯಾಗಿ ನೋಡಿದಳು, ನಿಜವೋ ಸುಳ್ಳೋ ಎಂದು ಅಳೆಯುವವಳಂತೆ. ಆಮೇಲೆ ಬಟ್ಟಲನ್ನು ಎತ್ತಿ ತಿನ್ನತೊಡಗಿದಳು. ಹಿತೇಶ್ ಹೊರಗಿನಿಂದ ಹಾರ್ನ್ ಹೊಡೆದ. ನಾವು ಬಾಗಿಲು ದಾಟಿ ತಿರುಗಿ ನೋಡಿದಾಗ ಅವಳು ನಮ್ಮನ್ನು ಮರೆತೇಬಿಟ್ಟಿದ್ದಳು. ಬಟ್ಟಲನ್ನು ವಾಲಿಸಿಕೊಂಡು ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದಳು.