ಇಪ್ಪತ್ತನೆಯ ಹುಡುಗಿ

ಪಾರ್ವತಿಬಾಯಿ ಹೈದರಾಬಾದಿನ ಆ ಸರ್ಕಾರಿ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದಾಗ ಅಲ್ಲಿನ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಕೂರಲು ಬೆಂಚು ಸಾಲುತ್ತಿರಲಿಲ್ಲ. ರಕ್ಷಣಾ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದ ಕರ್ನಾಟಕದವರ ಮಕ್ಕಳೇ ನೂರ ಮೂವತ್ತು. ಕಲಿಸಲು ಐದು ಜನ. ಇಪ್ಪತ್ತು ವರ್ಷದಲ್ಲಿ ಆ ಮನೆಗಳ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿದರು. ನಿವೃತ್ತರಾದ ಶಿಕ್ಷಕರ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದದ್ದು ಪಾರ್ವತಿಬಾಯಿ ಮತ್ತು ಸೋಮಣ್ಣ ಮಾಸ್ತರರು, ಇಬ್ಬರೇ.

ಆಗ ಪಾರ್ವತಿಬಾಯಿ ಒಂದು ದಾರಿ ಹುಡುಕಿಕೊಂಡರು. ಪ್ರತಿ ಜೂನಿನಲ್ಲಿ ಬಸ್ಸು ಹತ್ತಿ ನಗರದ ಅಂಚಿನ ಮಾದಾಪುರಕ್ಕೆ ಹೋಗುವುದು. ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಕಟ್ಟುವವರಲ್ಲಿ ಸುರಪುರ, ಶಹಾಪುರ, ಯಾದಗಿರಿ ಕಡೆಯವರು ಬಹಳ. ತಗಡಿನ ಶೆಡ್ಡುಗಳ ನಡುವೆ ಕನ್ನಡ ಕಿವಿಗೆ ಬಿದ್ದಲ್ಲಿ ನಿಂತು, ಮಕ್ಕಳನ್ನು ಶಾಲೆಗೆ ಕಳಿಸಿರೆಂದು ಕೇಳಿಕೊಳ್ಳುತ್ತಿದ್ದರು.

ಅಲ್ಲಿಯೇ ಸಿಕ್ಕಿದ್ದು ನೀಲಾ. ಹದಿಮೂರರ ಹುಡುಗಿ, ಊರಲ್ಲಿ ಏಳನೆಯ ತರಗತಿ ಮುಗಿಸಿದ್ದಳು. ಆರನೆಯ ವರ್ಷದಲ್ಲಿ ಜ್ವರ ಬಂದು ಕಿವಿ ಹೋಗಿತ್ತು.

"ಕೇಳಂಗಿಲ್ರಿ ಅಕ್ಕೋರ, ಸಾಲಿಗೆ ಬಂದು ಏನ್ ಮಾಡ್ತಾಳ?" ಎಂದಳು ತಾಯಿ ಬಂಡೆಮ್ಮ, ತಲೆಯ ಮೇಲಿನ ಸಿಂಬಿ ತೆಗೆಯುತ್ತ.

"ಕಣ್ಣು ಅದಾವಲ್ಲ. ಕಳಸು, ನಾ ನೋಡ್ತೀನಿ."

ನೀಲಾ ಮಾತಾಡುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಪಾರ್ವತಿಬಾಯಿ ತಮ್ಮ ಇಪ್ಪತ್ತು ವರ್ಷದ ಚಾಳಿಯನ್ನೇ ಬಿಟ್ಟರು: ಬೋರ್ಡಿಗೆ ಮುಖ ಮಾಡಿ ಬರೆಯುವಾಗ ಮಾತಾಡುವುದನ್ನು ನಿಲ್ಲಿಸಿದರು. ಸೋಮಣ್ಣ ಮಾಸ್ತರರ ಪೊದೆ ಮೀಸೆಯಲ್ಲಿ ತುಟಿ ಕಾಣುವುದಿಲ್ಲವೆಂದು ನೀಲಾ ಸ್ಲೇಟಿನಲ್ಲಿ ಬರೆದು ತೋರಿಸಿದಳು. ಮರುದಿನ ಅವರು ಮೀಸೆ ಬೋಳಿಸಿಕೊಂಡು ಬಂದರು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಹೆಚ್ಚು ನೀಲಾ. ಒಂಬತ್ತನೆಯ ತರಗತಿಯ ಕೊನೆಗೆ ಗಣಿತದಲ್ಲಿ ಅವಳಿಗೆ ಎಂಬತ್ತೊಂದು ಬಂತು.

ಆದರೂ ತಮಗೆ ಗೊತ್ತಿರುವುದು ಸಾಲದೆಂದು ಪಾರ್ವತಿಬಾಯಿಗೆ ಅನ್ನಿಸುತ್ತಿತ್ತು. ಹತ್ತನೆಯ ತರಗತಿ ಶುರುವಾದಾಗ, ಶಾಲೆಯ ಅಂಕಿಸಂಖ್ಯೆಯ ಫಾರಂ ತುಂಬುತ್ತ, ವಿಶೇಷ ಅಗತ್ಯದ ಮಕ್ಕಳ ಕಾಲಮ್ಮಿನಲ್ಲಿ 'ಹುಡುಗಿಯರು: ಒಂದು' ಎಂದು ಬರೆದರು. ಜೊತೆಗೆ, ತರಬೇತಿ ಆದ ಒಬ್ಬ ಶಿಕ್ಷಕಿಯನ್ನು ವಾರಕ್ಕೊಮ್ಮೆಯಾದರೂ ಕಳಿಸಿರೆಂದು ಅರ್ಜಿ ಇಟ್ಟರು.

ಹೆಡ್‌ಮಾಸ್ಟರ್ ಸುಬ್ಬರಾಯರು ಅನುಮಾನಿಸಿದರು. "ಬಾಯಾರ, ಆ ಕಾಲಮ್ ಖಾಲಿ ಬಿಡ್ರಿ. ಇಲ್ಲದ ತಕರಾರು ಯಾಕ?"

"ಬರೀಲಿಲ್ಲಂದ್ರ ಅಕಿ ಅದಾಳಂತ ಯಾರಿಗೆ ಗೊತ್ತಾಗ್ತೈತ್ರಿ ಸರ್?"

ಶಿಕ್ಷಕಿ ಬರಲಿಲ್ಲ. ಆಗಸ್ಟಿನಲ್ಲಿ ಬಂದದ್ದು ಬೇರೆ ಆದೇಶ: ಇಪ್ಪತ್ತು ಮಕ್ಕಳಿಲ್ಲದ ಮಾಧ್ಯಮವನ್ನು ಮುಚ್ಚಬೇಕು, ಮಕ್ಕಳನ್ನು ತೆಲುಗು ಮಾಧ್ಯಮಕ್ಕೆ ಸೇರಿಸಬೇಕು, ಹೆಚ್ಚುವರಿ ಶಿಕ್ಷಕರನ್ನು ವರ್ಗ ಮಾಡಬೇಕು. ಅದೇ ತಿಂಗಳು ಮಾದಾಪುರದ ಒಂದು ಕಟ್ಟಡ ಮುಗಿದು ನಾಲ್ಕು ಸಂಸಾರಗಳು ಲಾರಿ ಹತ್ತಿ ಹೋಗಿದ್ದವು. ಪಾರ್ವತಿಬಾಯಿ ಹಾಜರಿ ಪುಸ್ತಕ ಎಣಿಸಿದರು. ಸರಿಯಾಗಿ ಇಪ್ಪತ್ತು. ಉಸಿರು ಬಂದಂತಾಯಿತು.

ಎಣಿಕೆಗೆ ಬಂದ ಅಧಿಕಾರಿ ಒರಟರೇನೂ ಅಲ್ಲ. ಚಹಾ ಕುಡಿದರು, ಮಕ್ಕಳ ತಲೆ ಎಣಿಸಿದರು, ಫಾರಂ ತೆರೆದು ನೋಡಿದರು. ಆಮೇಲೆ ತೆಲುಗಿನಲ್ಲಿ, ಹತ್ತೊಂಬತ್ತು ಎಂದರು. ಕಿವುಡ ಹುಡುಗಿಯನ್ನು ಬೇರೆ ಕಾಲಮ್ಮಿನಲ್ಲಿ ನೀವೇ ತೋರಿಸಿದ್ದೀರಿ. ಅಲ್ಲಿ ಎಣಿಸಿದವಳನ್ನು ಇಲ್ಲಿ ಮತ್ತೆ ಎಣಿಸುವಂತಿಲ್ಲ, ಅವಳಿಗೆ ಕಿವುಡರ ಶಾಲೆ ಇದೆಯಲ್ಲ ಎಂದರು. ಪಾರ್ವತಿಬಾಯಿ ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ವಾದಿಸಿದರು. ನೀಲಾಳ ನೋಟ್‌ಬುಕ್ ತಂದು ತೋರಿಸಿದರು. ಅಧಿಕಾರಿ ಹಾಳೆ ತಿರುವಿ, ಒಳ್ಳೆಯ ಅಕ್ಷರ ಎಂದು ಮೆಚ್ಚಿ, ಸಹಿ ಹಾಕಿ ಹೋದರು.

ಇಷ್ಟೂ ಹೊತ್ತು ನೀಲಾ ಮುಂದಿನ ಬೆಂಚಿನಿಂದ ಇಬ್ಬರ ತುಟಿಗಳನ್ನೂ ನೋಡುತ್ತಿದ್ದಳು. ತೆಲುಗು ತಿಳಿಯಲಿಲ್ಲ. ಟೀಚರು ಕನ್ನಡದಲ್ಲಿ ಹೇಳಿದ್ದು ತಿಳಿದಿತ್ತು. "ನನ್ ಸಲವಾಗೇನ್ರಿ?" ಎಂದು ಕೇಳಿದಳು, ತನ್ನ ಮುರುಕು ದನಿಯಲ್ಲಿ. ಪಾರ್ವತಿಬಾಯಿ ಇಲ್ಲವೆಂದು ತಲೆಯಾಡಿಸಿದರು. ಅವಳು ನಂಬಲಿಲ್ಲ.

ಕನ್ನಡ ಮಾಧ್ಯಮ ಮುಚ್ಚಿತು. ಸೋಮಣ್ಣ ಮಾಸ್ತರರು ಒಂದು ದಿಕ್ಕಿಗೆ, ಪಾರ್ವತಿಬಾಯಿ ಮೇಡ್ಚಲ್ ಆಚೆಯ ತೆಲುಗು ಶಾಲೆಗೆ ವರ್ಗವಾಗಿ ಹೋದರು. ದಸರೆ ರಜೆ ಮುಗಿದ ಮೊದಲ ಭಾನುವಾರ ಪಾರ್ವತಿಬಾಯಿ ಎರಡು ಬಸ್ಸು ಬದಲಾಯಿಸಿ ಮಾದಾಪುರಕ್ಕೆ ಬಂದರು. ಬಂಡೆಮ್ಮ ಶೆಡ್ಡಿನ ಮುಂದೆ ಜೋಳದ ಹಿಟ್ಟು ನಾದುತ್ತಿದ್ದಳು.

"ಆರು ದಿನ ಹೋದಳ್ರಿ ಅಕ್ಕೋರ. ಅಲ್ಲಿ ಎಲ್ಲಾರ ಬಾಯಾಗ ತೆಲುಗು. ಇಕಿಗೆ ಒಂದಕ್ಷರ ತಿಳೀವಲ್ದು. ಕಿವುಡರ ಸಾಲಿ ಭಾಳ ದೂರ, ಹಾಸ್ಟೆಲಿಗೆ ಬಿಡಾಕ ನನಗ ಧೈರ್ಯ ಇಲ್ರಿ. ಈಗ ನನ್ ಕೂಡ ಇಟ್ಟಿಗಿ ಹೊರಾಕತ್ತಾಳ."

ನೀಲಾ ಒಳಗಿನಿಂದ ಬಂದು ನಿಂತಳು. ಕೈಬೆರಳಿನ ತುದಿಗಳು ಸಿಮೆಂಟಿಗೆ ಒಡೆದಿದ್ದವು. ಪಾರ್ವತಿಬಾಯಿ ಅವಳ ಮುಂದೆ ನಿಂತು ನಿಧಾನವಾಗಿ ಹೇಳಿದರು: "ಪರೀಕ್ಷೆಗೆ ಹೊರಗಿನಿಂದ ಕೂಡಬಹುದವ್ವಾ. ಪ್ರತಿ ಭಾನುವಾರ ಬಂದು ನಾನೇ ಹೇಳಿಕೊಡ್ತೀನಿ."

ಅರ್ಧ ಮಾತಿಗೇ ಹುಡುಗಿ ಮುಖ ತಿರುಗಿಸಿದಳು. ಪಾರ್ವತಿಬಾಯಿ ಸುತ್ತಿ ಬಂದು ಮತ್ತೆ ಎದುರಿಗೆ ನಿಂತರು. ನೀಲಾ ಕಣ್ಣು ಮುಚ್ಚಿದಳು. ಅವಳಿಗೆ ಏನನ್ನಾದರೂ ಹೇಳಲು ಪಾರ್ವತಿಬಾಯಿಗೆ ಇನ್ನು ದಾರಿಯಿರಲಿಲ್ಲ. ಭುಜದ ಮೇಲೆ ಕೈಯಿಟ್ಟರು. ಹುಡುಗಿ ಅಲುಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ಮುಂದಿನ ಮೂರು ಭಾನುವಾರವೂ ಹೋದರು. ಎರಡು ಸಲ ಅವಳು ಕೆಲಸದ ಮೇಲಿದ್ದಾಳೆಂದು ಬಂಡೆಮ್ಮ ಹೇಳಿದಳು. ಮೂರನೆಯ ಸಲ ಶೆಡ್ಡುಗಳೇ ಇರಲಿಲ್ಲ. ಲಾರಿ ಪುಣೆಯ ಕಡೆ ಹೋಯಿತೆಂದು ಕಾವಲುಗಾರ ಹೇಳಿದ. ಹೊಸ ಕಟ್ಟಡದ ಮುಂದೆ ಹುಲ್ಲು ಹಾಸುತ್ತಿದ್ದರು.

ಪಾರ್ವತಿಬಾಯಿ ಮತ್ತೆ ನಾಲ್ಕು ವರ್ಷ ತೆಲುಗಿನಲ್ಲಿ ಗಣಿತ ಕಲಿಸಿ ನಿವೃತ್ತರಾದರು. ಅಲ್ಲಿ ಒಳ್ಳೆಯ ಟೀಚರೆಂದೇ ಹೆಸರಿತ್ತು. ಮಾದಾಪುರದ ಬಸ್ಸು ಹತ್ತುತ್ತಿದ್ದ ಜೂನ್ ಬಂದರೆ ಮಾತ್ರ ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ.